ನಮ್ಮತ್ತೆಯೂ ಸ್ನೋ ಡಬ್ಬಿಯೂ

ಮುಖಕ್ಕೆ ಏನಾದರೂ ಹಚ್ಚಿಕೊಳ್ಳುವ ಹೆಂಗಸರನ್ನು ಕಂಡರೆ ನಮ್ಮತ್ತೆಗೆ ಆಗದು. ಅವರ ಬಾಯಲ್ಲಿ ಅದೆಲ್ಲವೂ ‘ಸ್ನೋ’ವೇ. ಬೆಳಿಗ್ಗೆ ಚೇಪಾಕದ ಕಚೇರಿಗೆ ಹೊರಡುವ ಅವಸರದಲ್ಲಿ ನಾನು ಕನ್ನಡಿಯ ಮುಂದೆ ಎರಡು ನಿಮಿಷ ನಿಂತರೆ ಸಾಕು, “ಸುಣ್ಣ ಬಳಿದದ್ದು ಆಯಿತೇನೇ?” ಎಂದು ಒಳಗಿನಿಂದ ಕೇಳುವರು. ಅವರಿಗೆ ಕೊಬ್ಬರಿ ಎಣ್ಣೆಯೊಂದಿದ್ದರೆ ಆಯಿತು. ಸಮುದ್ರದ ಗಾಳಿಗೆ ಮೈಯೆಲ್ಲ ಅಂಟುವ ಈ ಚೆನ್ನೈಯಲ್ಲಿ ಅದೂ ಬೇಕೆನಿಸುವುದಿಲ್ಲ, ಆ ಮಾತು ಬೇರೆ.

ಹೋದ ವರ್ಷ ಲಂಡನ್ನಿನಲ್ಲಿರುವ ನನ್ನ ನಾದಿನಿಗೆ ಹೆರಿಗೆಯಾಗಿ ಹತ್ತು ದಿನಕ್ಕೆ ಅತ್ತೆ ಬಾಣಂತನಕ್ಕೆಂದು ಹೊರಟರು. ವಯಸ್ಸು 66, ವಿಮಾನ ಹತ್ತುವುದು ಅದೇ ಮೊದಲು. ಕೈಚೀಲದಲ್ಲಿ ಅರ್ಧ ಖಾಲಿಯಾದ ದೊಡ್ಡ ಎಣ್ಣೆ ಸೀಸೆ ಇಟ್ಟುಕೊಂಡದ್ದನ್ನು ನಾನು ನೋಡಿದೆ. ನಮ್ಮವರಿಗೆ ಪಾಸ್‌ಪೋರ್ಟಿನ ಚಿಂತೆಯೇ ಹೊರತು ಇದರ ಗೊಡವೆಯಿರಲಿಲ್ಲ. ಟಿಕೇಟಿನೊಡನೆ ಬಂದ ನಿಯಮಗಳನ್ನು ಕಚೇರಿಯ ಕಾಗದದಂತೆ ಸಾಲುಸಾಲಾಗಿ ಓದಿದವಳು ನಾನೊಬ್ಬಳೇ. 2006ರಲ್ಲಿ ವಿಮಾನಗಳನ್ನು ಸ್ಫೋಟಿಸುವ ಸಂಚೊಂದು ಲಂಡನ್ನಿನಲ್ಲಿ ಬಯಲಾದ ಮೇಲೆ ಬಂದ ಕಟ್ಟುನಿಟ್ಟು ಅದು: ಕೈಚೀಲದಲ್ಲಿ ಒಯ್ಯುವ ಸೀಸೆ 100 ಮಿಲಿಲೀಟರಿಗೆ ಮೀರಬಾರದು. ನೋಡುವುದು ಸೀಸೆಯ ಅಳತೆಯನ್ನು, ಒಳಗೆ ಉಳಿದಿರುವುದನ್ನಲ್ಲ. ನಾನು ಹೇಳಬಹುದಾಗಿತ್ತು. “ಇವಳಿಗೇನು ಗೊತ್ತು” ಎಂಬ ಮಾತು ಬಂದೀತೆಂದು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ, ಒಮ್ಮೆ ಅನುಭವವಾಗಲಿ ಎಂಬ ಕಿಡಿಗೇಡಿತನವೂ ಮನಸ್ಸಿನ ಮೂಲೆಯಲ್ಲಿತ್ತು.

ತಪಾಸಣೆಯಲ್ಲಿ ಸೀಸೆ ಹೋಯಿತು.

ಮಾರನೆಯ ದಿನ ಫೋನಿನಲ್ಲಿ ಅವರ ಮುಖ ಕಂಡಾಗ ನನ್ನ ಕಿಡಿಗೇಡಿತನ ಅಲ್ಲಿಯೇ ಅಡಗಿತು. ಕೆನ್ನೆ ಬಿಳಿಚಿ ಗೀರುಗೀರಾಗಿತ್ತು. ತುಟಿ ಒಡೆದು ರಕ್ತ ಕರೆಗಟ್ಟಿತ್ತು. “ಮಗೂಗೆ ಒಂದು ಮುತ್ತು ಕೊಡೋಕೂ ಆಗಲಿಲ್ಲ ಕಣೇ” ಎಂದರು. ಅಷ್ಟೇ. ಯಾರನ್ನೂ ಬೈಯಲಿಲ್ಲ.

ನಮ್ಮ ಸಂಘದ ಎಷ್ಟೋ ಮನೆಗಳಿಂದ ಹಿರಿಯರು ಹೀಗೆಯೇ ಬಾಣಂತನಕ್ಕೆ ಹೋಗಿಬರುವುದರಿಂದ, ಆಮೇಲೆ ನಾನು ಓದಿ ತಿಳಿದದ್ದನ್ನು ಬರೆಯುತ್ತೇನೆ. 35,000 ಅಡಿ ಎತ್ತರದಲ್ಲಿ ಹೊರಗಿನ ಗಾಳಿ ಸೊನ್ನೆಗಿಂತ ಸುಮಾರು 50 ಡಿಗ್ರಿ ಕೆಳಗಿರುತ್ತದೆ. ಅಷ್ಟು ತಣ್ಣನೆಯ ಗಾಳಿಯಲ್ಲಿ ನೀರಿನ ಪಸೆ ಇಲ್ಲವೆಂದೇ ಹೇಳಬೇಕು. ಅದನ್ನೇ ಒತ್ತಿ, ಹದಮಾಡಿ ಒಳಕ್ಕೆ ಬಿಡುತ್ತಾರೆ. ಚೆನ್ನೈಯ ಗಾಳಿಯಲ್ಲಿ ತೇವ ನೂರಕ್ಕೆ 70ರ ಆಸುಪಾಸು. ವಿಮಾನದೊಳಗೆ 10ರಿಂದ 20. ಅಂತಹ ಗಾಳಿಯಲ್ಲಿ ಹತ್ತು ಗಂಟೆಗೂ ಮೇಲೆ ಕುಳಿತರೆ ಚರ್ಮ ಒಣಗದೆ ಇನ್ನೇನಾದೀತು? ವಯಸ್ಸಾದವರ ಚರ್ಮದಲ್ಲಿ ಜಿಡ್ಡು ಮೊದಲೇ ಕಡಿಮೆ. ಒಣಗಿತೆಂದು ನಾಲಗೆಯಿಂದ ಸವರಿಕೊಂಡಷ್ಟೂ ತುಟಿ ಇನ್ನಷ್ಟು ಒಡೆಯುತ್ತದೆ. ಅತ್ತೆ ರಾತ್ರಿಯೆಲ್ಲ ಮಾಡಿದ್ದು ಅದನ್ನೇ.

ಇನ್ನೊಂದು ಸಂಗತಿಯನ್ನು ವಾರದ ಮೇಲೆ ಹೇಳಿದರು. ಅವರದು ಕಿಟಕಿಯ ಪಕ್ಕದ ಸೀಟು. ಆಚೆಯ ಇಬ್ಬರು ಗಂಡಸರು ನಿದ್ದೆ ಹೋಗಿದ್ದರು. ಅವರನ್ನೆಬ್ಬಿಸಿ ಬಚ್ಚಲಿಗೆ ಹೋಗುವುದು ಹೇಗೆಂದು ಸಂಕೋಚಪಟ್ಟು ನೀರನ್ನೇ ಮುಟ್ಟಲಿಲ್ಲವಂತೆ! ಇದಕ್ಕೆ ಯಾವ ಸ್ನೋ ಮದ್ದು? ಹಿರಿಯರಿಗೆ ಟಿಕೇಟು ಮಾಡಿಸುವವರು ದಯವಿಟ್ಟು ನಡುದಾರಿಯ ಬದಿಯ ಸೀಟನ್ನೇ ಕೇಳಿ ಪಡೆಯಿರಿ. ನೀರು ಕುಡಿದರೆ ಗಂಟಲಿಗೂ ಮೈಗೂ ಹಿತ. ಚರ್ಮವನ್ನು ಮಾತ್ರ ಹೊರಗಿನಿಂದಲೇ ಕಾಯಬೇಕು.

ಐದು ತಿಂಗಳ ಮೇಲೆ ಅವರು ಹಿಂದಿರುಗುವಾಗ, ಕುಂಕುಮದ ಭರಣಿಯಷ್ಟು ಪುಟ್ಟ ಡಬ್ಬಿಗೆ ವ್ಯಾಸಲೀನ್ ತುಂಬಿಕೊಡಲು ನಾದಿನಿಗೆ ಹೇಳಿದೆ. ಅತ್ತೆಗೆ ಫೋನಿನಲ್ಲಿ ನಾನೇ ಪಾಠ ಹೇಳಿದೆ. ಸೋಪು ಹಾಕಿ ಉಜ್ಜಬೇಡಿ, ಪೌಡರು ಬೇಡ. ಮುಖ ತೊಳೆದು, ಪಸೆ ಆರುವ ಮುನ್ನವೇ ತೆಳ್ಳಗೆ ಸವರಿದರೆ ಇದ್ದ ನೀರು ಒಳಗೇ ನಿಲ್ಲುತ್ತದೆ. ಆಮೇಲೆ ಮೂರು ನಾಲ್ಕು ಗಂಟೆಗೊಮ್ಮೆ ತುಟಿಗೆ, ಕೈಗೆ. “ಕಚೇರೀಲಿ ಇದನ್ನೇ ಏನೇ ಕಲಿಸೋದು?” ಎಂದರು ಅತ್ತೆ.

ಮೀನಂಬಾಕ್ಕಂ ನಿಲ್ದಾಣದಿಂದ ಹೊರಬಂದಾಗ ಅವರ ಮುಖ ಬೆಳಗಿದ ಹಿತ್ತಾಳೆ ಚೊಂಬಿನಂತೆ ಮಿನುಗುತ್ತಿತ್ತು. ಟ್ಯಾಕ್ಸಿಯಲ್ಲಿ ಧೈರ್ಯಮಾಡಿ ಸೀಸೆಯ ವಿಷಯ ಹೇಳಿಬಿಟ್ಟೆ.

“ಗೊತ್ತಿತ್ತು ಬಿಡೇ. ಅವತ್ತು ನನ್ನ ಚೀಲಾನೇ ನೋಡ್ತಾ ನಿಂತಿದ್ದೆಯಲ್ಲ” ಎಂದರು. ಕೈಚೀಲದಲ್ಲಿ ತಡಕಾಡಿ ಡಬ್ಬಿಯನ್ನು ತೆಗೆದು ನನ್ನ ಮಡಿಲಿಗೆ ಹಾಕಿದರು. “ಮುಗಿದಿದೆ. ಮನೆಗೆ ಹೋದ ಮೇಲೆ ತುಂಬಿಸಿಡು.”