ಎಡಗೈಯ ನಡುಬೆರಳು

ಓಟಿನ ಶಾಯಿ ತೋರುಬೆರಳಿಗೆ ಹಚ್ಚುತ್ತಾರೆಂದು ಎಲ್ಲರಿಗೂ ಗೊತ್ತು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಈ ಶಾಯಿ 1962ರಿಂದ ನಮ್ಮ ಬೆರಳುಗಳ ಮೇಲಿದೆ. ಆದರೆ ಅದು ಎಡಗೈಯ ನಡುಬೆರಳಿಗೂ ಬೀಳುವುದುಂಟು. ಚುನಾವಣೆ ಡ್ಯೂಟಿಗೆ ಹೋಗುವ ನಾವು ಶಿಕ್ಷಕಿಯರು ತರಬೇತಿಯಲ್ಲಿ ಇದನ್ನು ಕೇಳಿರುತ್ತೇವೆ; ಕಂಡವರು ಕಡಿಮೆ. ನಾನು ಕಂಡದ್ದು ಕೊಡ್ಲಿಯ ಒಬ್ಬ ತಾಯಿಯ ಕೈಯಲ್ಲಿ. ಎರಡು ಬೆರಳಿಗೂ ಶಾಯಿ! ಮಗ ನನ್ನ ಹಳೆಯ ವಿದ್ಯಾರ್ಥಿ, ಈಗ ಗಡಿಯಲ್ಲಿರುವ ಸಿಪಾಯಿ.

ಸೈನಿಕರು ತಮ್ಮ ಬದಲು ಊರಿನ ಒಬ್ಬರಿಂದ ಓಟು ಹಾಕಿಸಬಹುದೆಂದು 2003ರಲ್ಲಿ ಕಾನೂನಾಯಿತು. ಆ ಒಬ್ಬರು ಅದೇ ಕ್ಷೇತ್ರದ ನಿವಾಸಿಯಾಗಿರಬೇಕು. ತಮ್ಮ ಓಟಿಗೆ ತೋರುಬೆರಳು, ಸೈನಿಕನ ಓಟಿಗೆ ನಡುಬೆರಳು.

"ಅವ ಫೋನಿನಾಗ ಒಬ್ಬರ ಹೆಸರು ಹೇಳಿದ್ನರಿ ಅಕ್ಕೋರೆ. ನನಗ ಆ ಮನಿಶ್ಯಾ ಸೇರೂದಿಲ್ಲ. ಖರೆ, ಅವನ ಓಟು ಅವ ಹೇಳಿದಂಗೇ ಹಾಕಿದೆ. ನಂದು ನನ್ನ ಮನಸಿಗಿ ಬಂದಂಗ."

ಮರೆಯೊಳಗೆ ನಿಂತಾಗ ಆಕೆಯನ್ನು ಕೇಳುವವರು ಯಾರಿದ್ದರು? ಮಗನಿಗೂ ತಿಳಿಯುತ್ತಿರಲಿಲ್ಲ.

ಸೈನಿಕರಿಗೆ ಇನ್ನೊಂದು ದಾರಿ ಅಂಚೆಯದು. 2016ರಿಂದ ಮತಪತ್ರ ಕಂಪ್ಯೂಟರಿನಲ್ಲೇ ಅವರಿಗೆ ತಲುಪುತ್ತದೆ. ಅದನ್ನು ಮುದ್ರಿಸಿ, ಗುರುತು ಹಾಕಿ, ಲಕೋಟೆಯಲ್ಲಿಟ್ಟು ಕಳಿಸಬೇಕು. ಎಣಿಕೆಯ ದಿನ ಬೆಳಿಗ್ಗೆ 8 ಗಂಟೆಯೊಳಗೆ ಮುಟ್ಟದಿದ್ದರೆ ಲೆಕ್ಕಕ್ಕಿಲ್ಲ. ಪತಿಯ ಜೊತೆ ಠಾಣೆಯಲ್ಲಿರುವ ಹೆಂಡತಿಗೂ ಈ ಸೌಲಭ್ಯವಿತ್ತು. ಆದರೆ ಸಮವಸ್ತ್ರ ತೊಟ್ಟವಳು ಹೆಂಡತಿಯಾಗಿ, ಜೊತೆಗಿರುವವನು ಗಂಡನಾದರೆ ಅವನಿಗಿರಲಿಲ್ಲ. ಹೆಣ್ಣು ಸೈನ್ಯ ಸೇರಿ ಗಂಡ ಅವಳ ಹಿಂದೆ ಹೋದಾನೆಂದು ಕಾನೂನು ಬರೆದವರಿಗೆ ಹೊಳೆದಿರಲಿಕ್ಕಿಲ್ಲ. 2021ರಲ್ಲಿ "ಹೆಂಡತಿ" ಎಂಬ ಮಾತನ್ನು ತೆಗೆದು, ಇಬ್ಬರಿಗೂ ಒಪ್ಪುವ "ಸಂಗಾತಿ" ಎಂಬರ್ಥದ ಮಾತನ್ನು ಹಾಕಿದರು.

ಪರದೇಶದಲ್ಲಿರುವ ನಮ್ಮ ಪ್ರಜೆಗಳಿಗೆ 2010ರ ತಿದ್ದುಪಡಿಯಿಂದ ಹಕ್ಕೇನೋ ಬಂತು. ಓಟು ಹಾಕಲು ಮಾತ್ರ ಪಾಸ್‌ಪೋರ್ಟ್ ಹಿಡಿದು ಊರಿಗೇ ಬರಬೇಕು. ಅವರಿಗೂ ಬದಲಿ ಓಟು ಕೊಡುವ ಮಸೂದೆಯನ್ನು 2018ರಲ್ಲಿ ಲೋಕಸಭೆ ಒಪ್ಪಿತು, ಮುಂದೆ ಅದು ಬಿದ್ದುಹೋಯಿತು. ದುಬೈ ಮಾತು ದೂರವಾಯಿತು. ಹೈದರಾಬಾದಿನಲ್ಲಿ ಇಟ್ಟಿಗೆ ಹೊರುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೂ ಅದೇ ನಿಯಮ: ಕೂಲಿ ಬಿಟ್ಟು, ಬಸ್ಸು ಹತ್ತಿ ಬಂದರೆ ಓಟು.

ಇವರಿಗೂ ಬದಲಿ ಓಟು ಕೊಡಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕೊಡ್ಲಿಯ ಆ ತಾಯಿಯಂಥವರು ಎಲ್ಲ ಮನೆಯಲ್ಲೂ ಇಲ್ಲ. ಸೊಸೆಯ ಓಟು ಮಾವನ ಬೆರಳಿಗೆ ಹೋದರೆ, ಫೋನಿನಲ್ಲಿ ಅವಳ ಮನಸ್ಸು ಕೇಳುವವರು ಎಷ್ಟು ಜನ? ಅಂಚೆಯ ಲಕೋಟೆ ಅವಳ ಕೈಗೇ ಬರುವಂತಿದ್ದರೆ ಬೇಕು.