ಯಡಹಳ್ಳಿಯ ಅಡವಿಯಲ್ಲಿ ಒಂದು ದಿನ

ಬನಹಟ್ಟಿಯ ಮಗ್ಗಗಳ ಸಪ್ಪಳದಲ್ಲಿ ಬೆಳೆದ ನಮ್ಮ ಅಣ್ಣನವರ ಮಗಳು ಪಿ.ಯು.ಸಿ. ವಿಜ್ಞಾನದಲ್ಲಿ ಒಳ್ಳೆಯ ಅಂಕಗಳನ್ನು ಪಡೆದಳು. ಮನೆಯವರೆಲ್ಲರೂ ಇಂಜಿನಿಯರಿಂಗ್ ಎನ್ನುತ್ತಿರುವಾಗ ಆಕೆ, “ಕಾಕಾ, ನಾ ಕಾಡುಪ್ರಾಣಿಗಳ ಶಾಸ್ತ್ರ ಓದತೀನ್ರಿ” ಎಂದಳು. ಅಣ್ಣನವರು ಮೌನವಾದರು. ನಮಗೂ ಉತ್ತರ ಹೊಳೆಯಲಿಲ್ಲ. ಮೊದಲು ನಮ್ಮ ಸೀಮೆಯ ಪ್ರಾಣಿಗಳನ್ನಾದರೂ ಕಾಣೋಣವೆಂದು ಒಂದು ಮುಂಜಾನೆ ಮೂವರೂ ಜಮಖಂಡಿಯ ಮಾರ್ಗವಾಗಿ ಹೊರಟೆವು.

ಕಬ್ಬಿನ ಹೊಲಗಳನ್ನು ದಾಟಿ ಕವಿ ರನ್ನನ ಊರಾದ ಮುಧೋಳವನ್ನು ಸೇರಿದೆವು. ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರಾದ ಇಲ್ಲಿನ ಬೇಟೆನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ಸಂದಿತು. ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವು ಈ ತಳಿಯನ್ನು ಕಾಪಾಡುತ್ತಿದೆ. ರಕ್ತಸಂಬಂಧಿಗಳನ್ನೇ ಮತ್ತೆ ಮತ್ತೆ ಕೂಡಿಸಿದರೆ ಸಂತತಿ ಕುಂದುವುದರಿಂದ ವಂಶಾವಳಿಯನ್ನು ಬರೆದಿಡಬೇಕು. 1892ರಲ್ಲಿ ಆರಂಭವಾದ ಮೈಸೂರಿನದು ಮೊದಲಾದ ಮೃಗಾಲಯಗಳಲ್ಲಿಯೂ ಇದೇ ವಿದ್ಯೆ ನಡೆಯುತ್ತದೆ ಎಂದು ಮಗಳು ವಿವರಿಸಿದಳು.

ಅಲ್ಲಿಂದ ಬೀಳಗಿಯ ಕಡೆಗೆ ಸಾಗಿದಂತೆ ಹಸಿರು ತೆಳುವಾಗಿ ಕಲ್ಲುನೆಲ, ಮುಳ್ಳುಗಿಡ, ಒಣಹುಲ್ಲು ಕಾಣತೊಡಗಿದವು. ಬೀಳಗಿ ಮತ್ತು ಮುಧೋಳ ತಾಲೂಕುಗಳಲ್ಲಿ ಹರಡಿದ ಸುಮಾರು 96 ಚದರ ಕಿಲೋಮೀಟರಿನ ಈ ಅಡವಿ 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮವೆಂದು ಘೋಷಿತವಾಯಿತು. ಚಿಂಕಾರವು ಇಪ್ಪತ್ತು ಕಿಲೋ ಆಸುಪಾಸಿನ ತೂಕದ ಪುಟ್ಟ ಹುಲ್ಲೆ. ಗಂಡು ಹೆಣ್ಣು ಎರಡಕ್ಕೂ ಕೊಂಬುಂಟು. ಎಲೆಯ ರಸ, ಇಬ್ಬನಿಗಳಿಂದಲೇ ದಾಹ ತೀರಿಸಿಕೊಂಡು ಬಹುದಿನ ನೀರಿಲ್ಲದೆ ಬಾಳಬಲ್ಲದು.

ಅಡವಿಯ ಅಂಚಿನಲ್ಲಿ ಭೇಟಿಯಾದ ಕುರಿಗಾರ ಹಿರಿಯರೊಬ್ಬರು, “ಈಗ ಬಿಸಲೇರೇತಿ, ಅವು ಕಾಣೂದಿಲ್ಲ ತಂಗಿ” ಎಂದರು. ಬಳಿಕ ತುಸು ತಡೆದು, “ಅಡವಿ ಕಾಯಬೇಕು ಖರೆ, ನಮ್ಮ ಕುರಿಗೂ ಮೇವು ಬೇಕಲ್ಲ?” ಎಂದರು. ಮಗಳು, “ಅದಕ್ಕೂ ದಾರಿ ಹುಡುಕೂದು ಈ ಓದಿನೊಳಗ ಬರತೈತ್ರಿ, ಅಜ್ಜಾರ” ಎಂದು ಕೈಮುಗಿದಳು. ಒಂದೆಡೆ ಗುಂಪಾಗಿ ಬಿದ್ದಿದ್ದ ಹಿಕ್ಕೆಗಳನ್ನು ತೋರಿಸಿ, ಚಿಂಕಾರ ಒಂದೇ ಜಾಗಕ್ಕೆ ಮರಳಿ ಬರುವುದೆಂದೂ, ಪ್ರಾಣಿ ಕಣ್ಣಿಗೆ ಬೀಳದಿದ್ದರೂ ಇಂಥ ಗುರುತುಗಳಿಂದ ಅದರ ಇರವನ್ನು ಅರಿಯಬಹುದೆಂದೂ ಹೇಳಿದಳು. ಬಿಸಿಲಲ್ಲಿ ಕುಳಿತು ಅವನ್ನು ಎಣಿಸುತ್ತಿದ್ದ ಮಗಳನ್ನು ಅಣ್ಣನವರು ಬಹಳ ಹೊತ್ತು ನೋಡುತ್ತ ನಿಂತರು.

ಬೇಟೆಯಾಡುವ ನಾಯಿ, ಬೇಟೆಗೆ ಗುರಿಯಾಗುತ್ತಿದ್ದ ಹುಲ್ಲೆ ಎರಡನ್ನೂ ಈ ಸೀಮೆ ಸಲಹಿದೆ. ನಾಯಿಯನ್ನು ಮನೆಯಲ್ಲಿಟ್ಟು ಉಳಿಸಬಹುದು. ಹುಲ್ಲೆಯನ್ನು ಉಳಿಸಲು ನೆಲವನ್ನೇ ಉಳಿಸಬೇಕು. ಮೃಗಾಲಯವು ಕೊನೆಯ ಆಸರೆಯಾದೀತೇ ಹೊರತು ಅಡವಿಯಾಗಲಾರದು. ಎರಡಕ್ಕೂ ಕಲಿತವರು ಬೇಕು.

ಈ ಓದು ನಮ್ಮ ನಾಡಿನಲ್ಲಿಯೇ ಉಂಟು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಶಿರಸಿಯ ಅರಣ್ಯ ಮಹಾವಿದ್ಯಾಲಯವು 1985ರಲ್ಲಿ ಆರಂಭವಾಯಿತು. ಪದವಿಯ ಬಳಿಕ ಓದಲು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಭಾಗವಿದೆ. ಹೊರನಾಡಿನಲ್ಲಿ, 1982ರಲ್ಲಿ ಸ್ಥಾಪಿತವಾದ ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಇದೆ.

ಚಿಂಕಾರವನ್ನು ಕಾಣದೆಯೇ ಮರಳಿದೆವು. ಬನಹಟ್ಟಿ ಸಮೀಪಿಸಿದಾಗ ಅಣ್ಣನವರು ಮೆಲ್ಲನೆ ಕೇಳಿದರು: “ಶಿರಸಿಗೆ ಬಸ್ ಎಷ್ಟೊತ್ತಿಗೆ ಐತಿ?”

ಮಕ್ಕಳು ಹೊಸ ಹಾದಿ ಕೇಳಿದಾಗ ಬೇಡವೆನ್ನುವ ಮುನ್ನ, ಅವರೊಡನೆ ಒಂದು ದಿನ ಆ ಹಾದಿಯಲ್ಲಿ ನಡೆದು ನೋಡುವುದು ಹಿರಿಯರಿಗೆ ಒಳಿತು.