ಸಹಿಯ ಹಿಂದಿನ ಹೊಣೆ

ಶಾಲೆಯ ಕುಂದುಕೊರತೆಗಳನ್ನು ದೂರದ ಕಚೇರಿಗಿಂತ ಊರಿನ ತಾಯಿತಂದೆಯರೇ ಚೆನ್ನಾಗಿ ಬಲ್ಲರು. ಈ ನಂಬಿಕೆಯಿಂದ, ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ, ಕರ್ನಾಟಕದಲ್ಲಿ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರೂಪುಗೊಂಡವು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆಯು ಇಂತಹ ಸಮಿತಿಗಳಿಗೆ ಕಾನೂನಿನ ಬಲವಿತ್ತಿತು. ಅದರಂತೆ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲೆಯ ಕಾರ್ಯವನ್ನು ಗಮನಿಸುವುದು, ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು, ಅನುದಾನದ ವೆಚ್ಚವನ್ನು ಪರಿಶೀಲಿಸುವುದು ಅವರ ಕರ್ತವ್ಯ.

ಆದರೆ ಕಾಗದದ ಮೇಲಿನ ಅಧಿಕಾರ ಕೈಗೆ ಬರುವುದು ಸುಲಭವಲ್ಲ. ದಿನದ ಕೂಲಿಯನ್ನು ಬಿಟ್ಟು ಸಭೆಗೆ ಬಂದ ತಾಯಿಯೊಬ್ಬಳು, ಲೆಕ್ಕವನ್ನು ಓದಿ ಹೇಳುವವರಿಲ್ಲದೆ, ನಡಾವಳಿ ಪುಸ್ತಕದಲ್ಲಿ ತೋರಿಸಿದೆಡೆ ಹೆಬ್ಬೆಟ್ಟು ಒತ್ತಿ ಹಿಂದಿರುಗಿದರೆ ಅದು ಒಪ್ಪಿಗೆಯೆನಿಸದು. ಅರಿಯದವರಿಂದ ಪಡೆದ ಸಹಿಯು ಪಡೆದವರ ಹೊಣೆಯನ್ನೇ ಹೆಚ್ಚಿಸುತ್ತದೆ.

ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ 280 ಗ್ರಾಮಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯದಲ್ಲಿ ಕಣ್ತೆರೆಸುವಂತಹುದು. ಗ್ರಾಮ ಶಿಕ್ಷಣ ಸಮಿತಿಯೊಂದು ಇದೆಯೆಂಬುದೇ ಅಲ್ಲಿ ಬಹುಪಾಲು ಪೋಷಕರಿಗೆ ತಿಳಿದಿರಲಿಲ್ಲ. ಕೆಲವರಿಗಂತೂ ತಾವೇ ಅದರ ಸದಸ್ಯರೆಂಬುದೂ ಗೊತ್ತಿರಲಿಲ್ಲ. ಸಭೆ ಸೇರಿಸಿ ಎಲ್ಲವನ್ನೂ ತಿಳಿಸಿದ ಮೇಲೂ ಶಾಲೆಗಳ ಸ್ಥಿತಿ ಸುಧಾರಿಸಲಿಲ್ಲ. ಓದು ಕಲಿಸುವ ಸರಳ ವಿಧಾನದಲ್ಲಿ ಊರಿನ ಯುವಜನರಿಗೆ ತರಬೇತಿ ನೀಡಿದ ಹಳ್ಳಿಗಳಲ್ಲಿ ಮಾತ್ರ, ಅವರು ಶಾಲೆಯ ಹೊರಗೆ ನಡೆಸಿದ ತರಗತಿಗಳಿಗೆ ಬಂದ ಮಕ್ಕಳು ಓದಿನಲ್ಲಿ ಮುಂದುವರಿದರು. ಸದಿಚ್ಛೆಗೆ ಸ್ಪಷ್ಟವಾದ ಕೆಲಸವೊಂದು ದೊರೆತಾಗ ಅದು ಫಲ ನೀಡಿತು.

ಆದ್ದರಿಂದ ಪ್ರತಿ ಸಭೆಯೂ ಒಂದು ಪ್ರಶ್ನೆಯಿಂದ ಆರಂಭವಾಗುವುದು ಒಳಿತು: 3ನೇ ತರಗತಿಯಲ್ಲಿ ಪಾಠವನ್ನು ಇನ್ನೂ ಓದಲಾರದ ಮಕ್ಕಳು ಯಾರು, ಮುಂದಿನ ಸಭೆಯೊಳಗೆ ಅವರಿಗೆ ನೆರವಾಗುವವರು ಯಾರು? ಸಭೆ ಸಂಜೆ ಸೇರಲಿ. ಲೆಕ್ಕವನ್ನು ಗಟ್ಟಿಯಾಗಿ ಓದಿದ ಮೇಲೆಯೇ ಸಹಿ ಬೀಳಲಿ.

ಅನುದಾನರಹಿತ ಖಾಸಗಿ ಶಾಲೆಗಳಿಗೆ ಕಾಯ್ದೆಯು ಈ ಸಮಿತಿಯನ್ನು ಕಡ್ಡಾಯಗೊಳಿಸಿಲ್ಲ. ಅಂತಹ ಶಾಲೆಗಳನ್ನು ನಡೆಸುವ ಟ್ರಸ್ಟುಗಳಿಗೆ ಕಾನೂನಿನ ವಿನಾಯಿತಿ ಇದ್ದರೂ, ಪೋಷಕರಿಗೆ ಉತ್ತರಿಸುವ ಧರ್ಮದಿಂದ ವಿನಾಯಿತಿಯಿಲ್ಲ. ದಾನಿಗಳ ಹೆಸರನ್ನು ಗೋಡೆಯ ಮೇಲೆ ಕೆತ್ತಿಸುವ ಶ್ರದ್ಧೆಯಿಂದಲೇ ವರ್ಷದ ಆಯವ್ಯಯವನ್ನೂ ಅದೇ ಗೋಡೆಯ ಮೇಲೆ ಪ್ರಕಟಿಸಿದರೆ ಆ ದಾನವು ಸಾರ್ಥಕವಾದೀತು.